ಕಳಿಸಿದವರ ವಿಳಾಸ

ಜಗಳೂರು
10 ಜೂನ್ 2024

ಮಾಲೀಕರು, 'ಹಳೇ ಬೊಂಬೆ ಮನೆ',
ಪಾತ್ರೆ ಅಂಗಡಿ ಮೇಲಿನ ಮನೆ, ಪೇಟೆ ಬೀದಿ, ಹೊನ್ನಾಳಿ.

ಮಾನ್ಯರೇ,

ನಿಮ್ಮ ಆನ್‌ಲೈನ್ ಪುಟದಲ್ಲಿ ಫೋಟೋ ನೋಡಿ, ಹಗ್ಗದಾಟ ಆಡುವ ತಗಡಿನ ಹುಡುಗಿಯ ಗೊಂಬೆಗೆ ಕಳೆದ ತಿಂಗಳು ಪೂರ್ತಿ ಹಣ ಕಟ್ಟಿದ್ದೇನೆ. ಕೆಂಪು ಲಂಗ, ಎರಡು ಜಡೆ, ಬೆನ್ನಿನಲ್ಲಿ ಕೀಲಿ ಹಾಕುವ ತೂತು. 'ತುಂಬಾ ಹಳೆಯದು, ಇಡೀ ದೇಶದಲ್ಲಿ ನಾಲ್ಕೈದು ಉಳಿದಿದ್ದರೆ ಹೆಚ್ಚು' ಎಂದು ನೀವೇ ಬರೆದಿದ್ದಿರಿ. ನಿನ್ನೆ ಬಂದ ಪಾರ್ಸೆಲ್ಲಿನಲ್ಲಿ ಇದ್ದದ್ದು ಒಂದು ಪ್ಲಾಸ್ಟಿಕ್ ಬುಗುರಿ ಮತ್ತು ಅದಕ್ಕೆ ಸುತ್ತಿದ ಹಳೆಯ ಪೇಪರು.

ಫೋನ್ ಮಾಡಿದರೆ ಎತ್ತುವುದಿಲ್ಲ. ಮೆಸೇಜು ಹಾಕಿದ್ದಕ್ಕೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದೀರಿ. ಆದರೆ ಪಾರ್ಸೆಲ್ ಮೇಲೆ 'ಕಳಿಸಿದವರು' ಎಂಬಲ್ಲಿ ವಿಳಾಸ ಬರೆಯುವಾಗ ನೀವು ಎಚ್ಚರ ತಪ್ಪಿದಂತಿದೆ. ಅದಕ್ಕೇ ಈ ರಿಜಿಸ್ಟರ್ಡ್ ಪತ್ರ.

ನಾನು ಇಲ್ಲಿನ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಗೊಂಬೆ ನನಗಲ್ಲ, ನಮ್ಮಣ್ಣನ ಮಗಳಿಗೆ. ಮಗುವಿಗೆ ಮಾತು ಕೊಟ್ಟಿದ್ದೇನೆ. ಒಂದೋ ಗೊಂಬೆ ಕಳಿಸಿ, ಇಲ್ಲವೇ ಹಣ ವಾಪಸು ಮಾಡಿ. ಎರಡೂ ಆಗದಿದ್ದರೆ ಪೊಲೀಸರಿಗೆ ದೂರು ಕೊಡುತ್ತೇನೆ. ಬುಗುರಿಯನ್ನು ಸಾಕ್ಷಿಗೆಂದು ಇಟ್ಟುಕೊಂಡಿದ್ದೇನೆ.

ಇತಿ,
ಯಶೋಧರಾ ಡಿ.


ಹೊನ್ನಾಳಿ
18 ಜೂನ್ 2024

ಜಗಳೂರಿನ ಯಶೋಧರಾ ಅವರಿಗೆ ಕಸ್ತೂರಮ್ಮ ಮಾಡುವ ನಮಸ್ಕಾರ.

ನಿಮ್ಮ ಪತ್ರ ನನ್ನ ಕೈಗೇ ಬಂತು. ಪೋಸ್ಟಿನವರು ಕೆಳಗೆ ಅಂಗಡಿಯಲ್ಲಿ ನನ್ನ ಮಗನಿಗೆ ಕೊಡದೆ ಮೇಲೆ ತಂದು ಸಹಿ ಹಾಕಿಸಿಕೊಂಡಿದ್ದು ಒಳ್ಳೆಯದಾಯಿತು.

ನಾನು ಯಾವ ಬೊಂಬೆ ಮನೆಯ ಮಾಲೀಕಳೂ ಅಲ್ಲ. ನನಗೆ ಅರವತ್ತಾರು. ಕೆಳಗಿರುವುದು ನಮ್ಮ ಯಜಮಾನರು ಇಟ್ಟ ಪಾತ್ರೆ ಅಂಗಡಿ, ಈಗ ಮಗ ಗುರುಬಸವರಾಜ್ ನೋಡಿಕೊಳ್ಳುತ್ತಾನೆ. ನಾವು ಸ್ಟೀಲು, ಹಿತ್ತಾಳೆ ಬಿಟ್ಟು ಬೇರೇನೂ ಮಾರುವುದಿಲ್ಲ. ನಿಮಗೆ ಮೋಸ ಮಾಡಿದವನು ನನ್ನ ವಿಳಾಸ ಬರೆದಿದ್ದಾನೆ.

ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ಆದರೆ ಕೆಂಪು ಲಂಗ, ಎರಡು ಜಡೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಆ ಹುಡುಗಿ ನನ್ನವಳು. ನನ್ನ ಮನೆಯ ಗಾಜಿನ ಬೀರುವಿನಲ್ಲಿ ಇದ್ದವಳು.

ದಯವಿಟ್ಟು ಪೊಲೀಸರಿಗೆ ನನ್ನ ಹೆಸರು ಕೊಡಬೇಡಿ. ಅಂಗಡಿಯ ಹೆಸರು ಕೆಡುತ್ತದೆ. ಉತ್ತರ ಬರೆದರೆ ನನ್ನ ಹೆಸರಿಗೇ ಬರೆಯಿರಿ. ಮಗನಿಗೆ ಇನ್ನೂ ಹೇಳಿಲ್ಲ.

ಕಸ್ತೂರಮ್ಮ


ಜಗಳೂರು
26 ಜೂನ್ 2024

ಶ್ರೀಮತಿ ಕಸ್ತೂರಮ್ಮನವರಿಗೆ,

ನಿಮ್ಮ ಪತ್ರವನ್ನು ನಾನು ನಂಬುವುದು ಹೇಗೆ? ಒಬ್ಬ ವಯಸ್ಸಾದ ಹೆಂಗಸಿನ ಹೆಸರಿನಲ್ಲಿ ಕಾಗದ ಬರೆಯುವುದು ಮೋಸಗಾರನಿಗೆ ಕಷ್ಟದ ಕೆಲಸವೇನಲ್ಲ. 'ಪೊಲೀಸರಿಗೆ ಹೇಳಬೇಡಿ' ಎಂದು ಬೇರೆ ಬರೆದಿದ್ದೀರಿ.

ಗೊಂಬೆ ನಿಮ್ಮದೇ ಆಗಿದ್ದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ಪುಟದಲ್ಲಿ ಹಾಕಿದ ಫೋಟೋಗಳಲ್ಲಿ ಒಂದು ಬಹಳ ಹತ್ತಿರದಿಂದ ತೆಗೆದದ್ದು. ಅದರಲ್ಲಿ ಹುಡುಗಿಯ ಎಡಗಾಲಿನ ಬೂಟಿಗೂ ಬಲಗಾಲಿನ ಬೂಟಿಗೂ ಒಂದು ವ್ಯತ್ಯಾಸ ಕಾಣುತ್ತದೆ. ಅದೇನೆಂದು ಬರೆಯಿರಿ. ಪುಟವನ್ನು ಈಗ ಅಳಿಸಿ, ಹೊಸ ಹೆಸರಿನಲ್ಲಿ ಬೇರೆ ತೆರೆದಿದ್ದಾನೆ. ಹಾಗಾಗಿ ನೋಡಿ ಬರೆಯುವುದಕ್ಕೆ ನಿಮಗೆ ಫೋಟೋ ಸಿಗುವುದಿಲ್ಲ. ನನ್ನ ಹತ್ತಿರ ಉಳಿಸಿಕೊಂಡದ್ದಿದೆ.

ಯಶೋಧರಾ


ಹೊನ್ನಾಳಿ
5 ಜುಲೈ 2024

ಯಶೋಧರಾ ಅವರೇ,

ಎಡಗಾಲಿನ ಬೂಟಿನ ಬಣ್ಣ ಬಲಗಾಲಿನದಕ್ಕಿಂತ ಮಿಂಚುತ್ತದೆ. ಅದು ಉಗುರಿಗೆ ಹಚ್ಚುವ ಬಣ್ಣ. ಮೂಲದ ಬಣ್ಣ ಎದ್ದುಹೋದಾಗ ನಾನೇ ಸೊಸೆಯ ಸೀಸೆಯಿಂದ ಹಚ್ಚಿದೆ. ಅದು ಆ ಕೆಂಪಿಗೆ ಸರಿಹೊಂದಲಿಲ್ಲ, ಸ್ವಲ್ಪ ಗುಲಾಬಿಯಾಯಿತು.

ನೀವು ಪರೀಕ್ಷೆ ಮಾಡಿದ್ದಕ್ಕೆ ನನಗೆ ಬೇಸರವಿಲ್ಲ. ನಾನೂ ಹೀಗೆ ಪರೀಕ್ಷೆ ಮಾಡಿದ್ದರೆ ಚೆನ್ನಾಗಿತ್ತು.

ನಮ್ಮ ಯಜಮಾನರು ಪಾತ್ರೆ ತರಲು ಮುಂಬಯಿಗೆ ಹೋದಾಗಲೆಲ್ಲ ನನಗೊಂದು ಕೀಲಿ ಬೊಂಬೆ ತರುತ್ತಿದ್ದರು. ಮಕ್ಕಳಿಗಲ್ಲ, ನನಗೆ. ಮದುವೆಯಾದಾಗ ನಾನು ತೀರಾ ಚಿಕ್ಕವಳು, ಅತ್ತುಕೊಂಡು ಕೂರುತ್ತಿದ್ದೆ, ಅದಕ್ಕೆ ಶುರುವಾದದ್ದು. ಆಮೇಲೆ ಅಳು ನಿಂತಿತು, ಬೊಂಬೆ ನಿಲ್ಲಲಿಲ್ಲ. ಬೀರು ತುಂಬ ಇದ್ದವು. ಕೆಲವು ಮೊಮ್ಮಕ್ಕಳ ಕೈಯಲ್ಲಿ ಮುರಿದವು.

ಫೆಬ್ರವರಿಯಲ್ಲಿ ಒಬ್ಬ ಹುಡುಗ ಬಂದ, ಮೂವತ್ತರ ಒಳಗಿನವನು. ವೆಂಕಟೇಶ್ ಎಂದು ಹೆಸರು ಹೇಳಿದ. "ಹಳೇ ಬೊಂಬೆಗಳದು ಒಂದು ಮ್ಯೂಸಿಯಂ ಮಾಡಾಕೆ ಹತ್ತೀನಿ ಅಜ್ಜಿ, ಕಂಪ್ಯೂಟರ್ ಒಳಗೆ. ನಿಮ್ಮ ಹೆಸರೂ ಬರತೈತೆ" ಅಂದ. ಪ್ರತಿಯೊಂದನ್ನೂ ಎತ್ತಿ ಮುದ್ದಿನಿಂದ ನೋಡಿದ. ಅಷ್ಟು ವರ್ಷದಲ್ಲಿ ನನ್ನ ಬೊಂಬೆಗಳನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ. ಸರಿಯಾದ ಬೆಳಕಿನಲ್ಲಿ ಫೋಟೋ ತೆಗೆದು ವಾರದಲ್ಲಿ ತಂದುಕೊಡುತ್ತೇನೆ ಎಂದು ಮೂರನ್ನು ತೆಗೆದುಕೊಂಡು ಹೋದ. ಹಗ್ಗದ ಹುಡುಗಿ, ಒಂದು ಬಸ್ಸು, ಡೋಲು ಬಡಿಯುವ ಮಂಗ. ಮತ್ತೆ ಬರಲಿಲ್ಲ.

ಮೊನ್ನೆ ನ್ಯಾಮತಿಯಿಂದ ದಾಸಪ್ಪ ಎನ್ನುವವರು ಅಂಗಡಿಗೇ ಬಂದು ಕೂಗಾಡಿದರು. ಅವರು ರಿಟೈರ್ಡ್ ಬಸ್ ಡ್ರೈವರು. ನನ್ನ ಬಸ್ಸಿನ ಫೋಟೋ ನೋಡಿ ಹಣ ಕಟ್ಟಿದ್ದಾರೆ, ಅವರಿಗೆ ಬಂದದ್ದು ಸೋಪಿನ ಡಬ್ಬಿ. "ಜೀವಮಾನ ಪೂರ್ತಿ ಬೇರೆಯೋರ ಬಸ್ಸು ಓಡಿಸೀನಿ. ನಂದು ಅಂತ ಒಂದು ಇರಲಿ ಅಂದ್ರೆ ಹಿಂಗೆ ಮಾಡೋದೇನ್ರಿ" ಎಂದರು. ನನ್ನ ಮಗನಿಗೆ ಈಗ ಎಲ್ಲ ಗೊತ್ತಾಗಿದೆ. "ಮೊದ್ಲು ಆ ಬೀರು ಖಾಲಿ ಮಾಡವ್ವ" ಎಂದು ಹೇಳಿ ಇಳಿದುಹೋದ. ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ.

ನಿಮ್ಮ ಅಣ್ಣನ ಮಗಳ ಹೆಸರೇನು? ಮಗುವಿಗೆ ಏನೆಂದು ಸಮಾಧಾನ ಹೇಳಿದಿರಿ?

ಕಸ್ತೂರಮ್ಮ


ಜಗಳೂರು
14 ಜುಲೈ 2024

ಕಸ್ತೂರಮ್ಮನವರಿಗೆ ನಮಸ್ಕಾರಗಳು.

ನನ್ನನ್ನು ಕ್ಷಮಿಸಿ. ಮೊದಲ ಪತ್ರದಲ್ಲಿ ಹಾಗೆ ಬರೆಯಬಾರದಿತ್ತು. ಬೂಟಿನ ಬಣ್ಣ ಓದಿ ಫೋಟೋವನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ. ಗುಲಾಬಿಯೇ. ನಿಮ್ಮ ಮಗನಿಗೆ ನನ್ನ ಮೂರೂ ಪತ್ರ ತೋರಿಸಿ, ನಿಮ್ಮಿಂದ ಯಾವ ತಪ್ಪೂ ಆಗಿಲ್ಲವೆಂದು ಹೇಳಿ. ಬೇಕಾದರೆ ನಾನೇ ಅವರಿಗೆ ಬರೆಯುತ್ತೇನೆ.

ಸೈಬರ್ ದೂರು ಕೊಟ್ಟಿದ್ದೇನೆ. ನಿಮ್ಮನ್ನು ನನ್ನ ಹಾಗೆಯೇ ಮೋಸ ಹೋದವರೆಂದು ಬರೆಸಿದ್ದೇನೆ. ಪಾರ್ಸೆಲ್ಲಿನ ಚೀಟಿ ನೋಡಿದರೆ ಅದನ್ನು ಬುಕ್ ಮಾಡಿದ್ದು ಚನ್ನಗಿರಿಯಲ್ಲಿ. ಹಾಗಾದರೆ ಅವನು ಆ ಸುತ್ತಮುತ್ತಲಿನವನೇ. ನನ್ನ ಜೊತೆ ಕೆಲಸ ಮಾಡುವ ಕಲ್ಪನಾ ತನ್ನ ನಂಬರಿನಿಂದ ಅವನ ಹೊಸ ಪುಟಕ್ಕೆ ಮೆಸೇಜು ಹಾಕಿದಳು. ಅದೇ ಹುಡುಗಿ, ಅದೇ ಫೋಟೋ. 'ಓಡುವುದನ್ನು ವಿಡಿಯೋ ಮಾಡಿ ಕಳಿಸಿ' ಎಂದರೆ, 'ಹಳೇ ಸ್ಪ್ರಿಂಗು ಮೇಡಂ, ಓಡಿಸಬಾರದು' ಎನ್ನುತ್ತಾನೆ. ಯಾಕಿರಬಹುದು?

ಮಗು ಚೆನ್ನಾಗಿದೆ. ಮರೆತುಬಿಟ್ಟಿದೆ ಅನ್ನಿಸುತ್ತದೆ.

ನಿಮ್ಮ ಫೋನ್ ನಂಬರು ಕೊಟ್ಟರೆ ಬೇಗ ಮಾತಾಡಬಹುದು.

ಯಶೋಧರಾ


ಹೊನ್ನಾಳಿ
28 ಜುಲೈ 2024

ಯಶೋಧರಾ,

ನನ್ನ ಫೋನು ಮೊಮ್ಮಗಳ ಕೈಯಲ್ಲೇ ಇರುತ್ತದೆ, ನನಗೆ ಅದರಲ್ಲಿ ಮಾತೂ ಬರುವುದಿಲ್ಲ. 'ಊಟ ಆಯ್ತಾ, ಆಯ್ತು' ಅಷ್ಟೇ. ಕಾಗದವಾದರೆ ಮಧ್ಯಾಹ್ನ ಎಲ್ಲರೂ ಮಲಗಿದಾಗ ನಿಧಾನವಾಗಿ ಬರೆಯಬಹುದು. ನಿಮಗೆ ಬೇಸರವಿಲ್ಲದಿದ್ದರೆ ಹೀಗೇ ಇರಲಿ.

ಅವನು ವಿಡಿಯೋ ಕಳಿಸದೆ ಇರುವುದಕ್ಕೆ ಕಾರಣ ಹೇಳುತ್ತೇನೆ. ಕೀಲಿ ನನ್ನ ಹತ್ತಿರ ಇದೆ. ಫೋಟೋಗೆ ಕೀಲಿ ಯಾಕೆ ಎಂದು ನಾನು ಕೊಡಲೇ ಇಲ್ಲ. ಚಿಟ್ಟೆಯ ರೆಕ್ಕೆಯಂಥ ಪುಟ್ಟ ಕೀಲಿ, ಬೇರೆ ಯಾವುದೂ ಅದಕ್ಕೆ ಕೂರುವುದಿಲ್ಲ. ಅವನ ಬಗ್ಗೆ ಇನ್ನೊಂದು ನೆನಪಾಯಿತು. ಹೊರಡುವಾಗ ತ್ಯಾವಣಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ್ದ.

ನಿಮ್ಮ ಪತ್ರಗಳನ್ನು ಮಗನಿಗೆ ತೋರಿಸಿದೆ. ಪೂರ್ತಿ ಓದಿದ. "ಈಯಮ್ಮ ಚಲೋ ಬರೀತಾರೆ" ಅಂದ. ಆಮೇಲೆ ಊಟಕ್ಕೆ ನನ್ನ ಪಕ್ಕದಲ್ಲೇ ಕೂತ. ಬೀರು ಖಾಲಿ ಮಾಡುವ ಮಾತು ಮತ್ತೆ ಎತ್ತಿಲ್ಲ.

ಶ್ರಾವಣದಲ್ಲಿ ಎರಡು ದಿನ ರಜೆ ಹಾಕಿ ನಮ್ಮ ಮನೆಗೆ ಬನ್ನಿ. ಉಳಿದ ಬೊಂಬೆಗಳನ್ನೆಲ್ಲ ಓಡಿಸಿ ತೋರಿಸುತ್ತೇನೆ. ನಿಮ್ಮ ಅಕ್ಷರ, ಮಾತು ನೋಡಿದರೆ ಒಳ್ಳೆಯ ಮನೆತನ ಅನ್ನಿಸುತ್ತದೆ. ನಿಮ್ಮ ಮೂಲ ಯಾವ ಊರು, ಯಾವ ಮಠದ ಕಡೆಯವರು? ಚನ್ನಗಿರಿ ಕಡೆಯಾದರೆ ನಮ್ಮ ನೆಂಟರು ನಲ್ಲೂರಿನಲ್ಲಿ ತುಂಬ ಇದ್ದಾರೆ, ಎಲ್ಲಾದರೂ ಸಂಬಂಧವೂ ಬರಬಹುದು.

ಕಸ್ತೂರಮ್ಮ


ಜಗಳೂರು
8 ಆಗಸ್ಟ್ 2024

ಪ್ರೀತಿಯ ಕಸ್ತೂರಮ್ಮನವರಿಗೆ,

ಕೀಲಿಯ ವಿಷಯ ಓದಿ ನಾನೂ ಕಲ್ಪನಾಳೂ ಡ್ಯೂಟಿ ರೂಮಿನಲ್ಲಿ ನಕ್ಕೆವು. ಅದೇ ನಮಗೆ ದಾರಿ ತೋರಿಸಿತು. ಕಲ್ಪನಾ ಅವನಿಗೆ ಹೀಗೆ ಬರೆದಿದ್ದಾಳೆ: 'ನನ್ನ ಹತ್ತಿರ ಇಂಥದೇ ಗೊಂಬೆ ಇತ್ತು, ಮುರಿಯಿತು, ಕೀಲಿ ಮಾತ್ರ ಉಳಿದಿದೆ. ನಿಮ್ಮದನ್ನು ತನ್ನಿ, ಓಡಿದರೆ ನೀವು ಕೇಳಿದ್ದರ ಎರಡರಷ್ಟು ನಗದು ಕೊಡುತ್ತೇನೆ.' ಅವನು ಯೋಚಿಸಿ ಹೇಳುತ್ತೇನೆ ಎಂದಿದ್ದಾನೆ. ಬರುತ್ತಾನೆ, ನೋಡಿ.

ನೀವು ಕೇಳಿದ್ದಕ್ಕೆ ಉತ್ತರ. ನಾವು ಯಾವ ಮಠದ ಕಡೆಯವರೂ ಅಲ್ಲ. ನಮ್ಮ ಮೂಲ ಬಸವಾಪಟ್ಟಣದ ಹತ್ತಿರ ಒಂದು ಹಳ್ಳಿ, ಊರಾಚೆಯ ಕೇರಿ. ಅಪ್ಪನ ಹೆಸರು ದೊಡ್ಡಣ್ಣ, ಕೂಲಿ ಮಾಡಿ ನನ್ನನ್ನು ನರ್ಸಿಂಗ್ ಓದಿಸಿದರು. ಅವರು ಬೌದ್ಧ ಧರ್ಮ ತೆಗೆದುಕೊಂಡ ವರ್ಷ ನಾನು ಹುಟ್ಟಿದೆ, ಅದಕ್ಕೇ ಈ ಹೆಸರು. ಅವರು ಈಗಿಲ್ಲ. ಅವ್ವ ಅಂತರಘಟ್ಟಮ್ಮ ನನ್ನ ಜೊತೆ ಇಲ್ಲೇ ಇದ್ದಾಳೆ. ನಾನು ಮದುವೆಯಾಗಲಿಲ್ಲ.

ಇದನ್ನು ಬರೆಯುವುದಕ್ಕೆ ನನಗೆ ಸಂಕೋಚವೇನಿಲ್ಲ. ಆದರೆ ನೀವು ಬೊಂಬೆ ಬೀರುವಿನ ಮುಂದೆ ಕೂರಿಸುತ್ತೇನೆ ಎಂದು ಕರೆದಿದ್ದೀರಿ. ಕರೆದವರಿಗೆ ಗೊತ್ತಿರಲಿ ಎಂದು ಬರೆದೆ. ಉತ್ತರ ಕಾಯುತ್ತೇನೆ.

ಯಶೋಧರಾ


ಜಗಳೂರು
4 ಸೆಪ್ಟೆಂಬರ್ 2024

ಶ್ರೀಮತಿ ಕಸ್ತೂರಮ್ಮನವರಿಗೆ,

ನನ್ನ ಹಿಂದಿನ ಪತ್ರ ತಮಗೆ ತಲುಪಿರಬಹುದು.

ಆ ವ್ಯಕ್ತಿ ಇದೇ 15ನೇ ತಾರೀಕು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಗೊಂಬೆ ತರಲು ಒಪ್ಪಿದ್ದಾನೆ. ಪೊಲೀಸರಿಗೆ ತಿಳಿಸಿದೆ, ಪಾಲಣ್ಣ ಎನ್ನುವ ಕಾನ್‌ಸ್ಟೇಬಲ್ ಮಫ್ತಿಯಲ್ಲಿ ಇರುತ್ತಾರೆ. ಕಲ್ಪನಾ ಅವನ ಹತ್ತಿರ ಮಾತಾಡುತ್ತಾಳೆ. ನ್ಯಾಮತಿಯ ದಾಸಪ್ಪನವರೂ ಬರುತ್ತಾರೆ. ಗೊಂಬೆ ನಿಮ್ಮದೆಂದು ತೋರಿಸಲು ಕೀಲಿ ಬೇಕು. ತಾವೇ ಬರಬೇಕೆಂದಿಲ್ಲ, ಮಗನ ಕೈಯಲ್ಲಿ ಕಳಿಸಿದರೆ ಸಾಕು.

ನನಗೆ ಅಂದು ಡ್ಯೂಟಿ ಇರಬಹುದು.

ತಮ್ಮ ವಿಶ್ವಾಸಿ,
ಯಶೋಧರಾ ಡಿ.


ಹೊನ್ನಾಳಿ
17 ಸೆಪ್ಟೆಂಬರ್ 2024

ಯಶೋಧರಾ,

ನೀವು ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ಒಬ್ಬಳೇ ನಿಂತ ಹೆಂಗಸರನ್ನೆಲ್ಲ ನೋಡಿದೆ, ಇಬ್ಬರನ್ನು ಹೆಸರು ಹಿಡಿದು ಕೇಳಿಯೂ ಕೇಳಿದೆ. ಆಮೇಲೆ ಕಲ್ಪನಾ "ಅವಳು ಬರಂಗಿಲ್ಲ ಅಂದಾಳೆ ರೀ" ಎಂದಳು.

ಮೊದಲು ನಡೆದದ್ದು ಹೇಳುತ್ತೇನೆ.

ನಾನೂ ಗುರುಬಸವರಾಜನೂ ಹೋಟೆಲಿನ ಒಳಗೆ ಕೂತಿದ್ದೆವು. ದಾಸಪ್ಪ ಪಕ್ಕದ ಮೇಜಿನಲ್ಲಿ ಪೇಪರು ಹಿಡಿದಿದ್ದರು. ಹುಡುಗ ಬೈಕಿನಲ್ಲಿ ಬಂದ. ಕಲ್ಪನಾಳ ಎದುರು ಕೂತು ಚೀಲದಿಂದ ಒಂದು ಟವೆಲು ತೆಗೆದು ಬಿಚ್ಚಿದ. ನನ್ನ ಹುಡುಗಿ. ಒಂದು ಜಡೆ ಬಗ್ಗಿತ್ತು. ನಾನು ಮಾತು ಕೊಟ್ಟಂತೆ ಸುಮ್ಮನೆ ಕೂರಬೇಕಿತ್ತು, ಆಗಲಿಲ್ಲ, ಎದ್ದು ಹೋದೆ. ಅವನು ನನ್ನನ್ನು ನೋಡಿ ಹೆದರುತ್ತಾನೆ ಅಂದುಕೊಂಡಿದ್ದೆ. "ಅಜ್ಜಿ, ಹೆಂಗದೀರಿ? ನಿಮ್ಮ ಮನೆಗೇ ಬರಾಕೆ ಹೊಂಟಿದ್ದೆ" ಎಂದು ನಕ್ಕ. ಆ ನಗು ಫೆಬ್ರವರಿಯಲ್ಲಿ ನಕ್ಕ ನಗುವೇ. ನನ್ನ ಬೊಂಬೆಗಳನ್ನು ಒಬ್ಬರಾದರೂ ಪ್ರೀತಿಯಿಂದ ನೋಡಿದರು ಎಂದು ಇಷ್ಟು ದಿನ ಒಂದು ಸಮಾಧಾನ ಉಳಿಸಿಕೊಂಡಿದ್ದೆ, ಅದೂ ಹೋಯಿತು.

ಪಾಲಣ್ಣ ಬಂದು ಅವನನ್ನು ಹಿಡಿದು ಠಾಣೆಗೆ ಕರೆದೊಯ್ದರು. ಅಲ್ಲೂ ಅವನು ಸೋಲಲಿಲ್ಲ. "ಇದು ನಮ್ಮಜ್ಜಿದು ಸಾರ್, ಇವರದು ಅನ್ನಾಕೆ ಏನು ಸಾಕ್ಷಿ?" ಎಂದು ವಾದಿಸಿದ. ಸಾಹೇಬರು ನನ್ನ ಕಡೆ ನೋಡಿದರು. ನಾನು ಕೀಲಿ ತೆಗೆದು ಬೆನ್ನಿಗೆ ಹಾಕಿ ತಿರುವಿ, ಮೇಜಿನ ಮೇಲೆ ನಿಲ್ಲಿಸಿದೆ. ಹುಡುಗಿ ಹಗ್ಗ ಬೀಸಿ ಟಕ್ ಟಕ್ ಎಂದು ಹಾರಿದಳು. ಬರೆಯುತ್ತಿದ್ದವರು ಪೆನ್ನು ಇಟ್ಟರು. ಬೇರೆ ಕೇಸಿಗೆ ಬಂದವರೂ ಬಾಗಿಲಲ್ಲಿ ನಿಂತರು. ಅವಳು ಹಾರಿ ಮುಗಿಸಿದಳು. ಸಾಹೇಬರು ಅವನನ್ನು ಕೇಳಿದರು, "ನಿಮ್ಮಜ್ಜಿ ಕೀಲಿ ಇವರ ಹತ್ರ ಹೆಂಗೆ ಬಂತಪ್ಪಾ?" ಅವನು ಆಗ ತಲೆ ತಗ್ಗಿಸಿದ.

ತ್ಯಾವಣಿಗೆಯಲ್ಲಿ ಅವನು ಬಾಡಿಗೆಗಿದ್ದ ರೂಮಿನಲ್ಲಿ ಬಸ್ಸೂ ಸಿಕ್ಕಿತು. ಮಂಗ ಇಲ್ಲ, ಅದನ್ನು ನಿಜವಾಗಿಯೂ ಯಾರಿಗೋ ಮಾರಿದ್ದಾನೆ. ಅವನ ಅಪ್ಪ ಬಂದು ನನ್ನ ಕಾಲು ಹಿಡಿಯಲು ಬಗ್ಗಿದರು, "ಬೊಂಬೆ ಸಿಕ್ಕೇತಲ್ರೀ ತಾಯಿ, ಕೇಸು ಬಿಟ್ಟುಬಿಡ್ರಿ" ಎಂದರು. ಪಾಪ ಅನ್ನಿಸಿತು. ಆದರೂ "ನನ್ನದು ಸಿಕ್ತು. ಇವರ್ದೆಲ್ಲ ಏನಾಗಬೇಕು?" ಎಂದೆ. ಬಿಡಲಿಲ್ಲ. ಬೊಂಬೆಗಳು ಈಗ ಕೋರ್ಟಿನ ವಶದಲ್ಲಿವೆ, ಬಿಡುಗಡೆಗೆ ಅರ್ಜಿ ಹಾಕಬೇಕಂತೆ. ನಿಮ್ಮೆಲ್ಲರ ಹಣದ ವಿಷಯವೂ ಅಲ್ಲೇ ತೀರ್ಮಾನವಾಗುತ್ತದೆ.

ಇನ್ನು ನನ್ನ ವಿಷಯ. ಆಗಸ್ಟಿನಲ್ಲಿ ನನ್ನ ಕಣ್ಣಿನ ಪೊರೆ ತೆಗೆಸಿದರು. ಓದಬಾರದು, ಬರೆಯಬಾರದು ಎಂದು ಪಟ್ಟಿ ಕಟ್ಟಿ ಕೂರಿಸಿದ್ದರು. ಅದಕ್ಕೇ ಉತ್ತರ ಬರೆಯಲಿಲ್ಲ ಎಂದು ಬರೆದರೆ ನೀವು ನಂಬುತ್ತೀರಿ, ನರ್ಸಲ್ಲವೇ. ಆದರೆ ನಿಮ್ಮ ಪತ್ರ ಬಂದದ್ದು ಆಪರೇಶನ್ನಿಗೆ ವಾರ ಮೊದಲು. ದಿನಾ ಬರೆಯಲು ಕೂರುತ್ತಿದ್ದೆ, 'ಬನ್ನಿ' ಎಂದು ಬರೆಯುತ್ತಿದ್ದೆ, ಆಮೇಲೆ ಅಡಿಗೆಮನೆ, ಸೊಸೆಯ ತವರಿನವರು, ಬೀದಿಯವರು ಎಂದೆಲ್ಲ ಯೋಚನೆ ಬಂದು ಹರಿದು ಹಾಕುತ್ತಿದ್ದೆ. ಕಣ್ಣಿನದು ಕಣ್ಣಿನದು. ಆ ವಾರ ಮಾತ್ರ ನನ್ನದೇ.

ಕಸ್ತೂರಮ್ಮ


ಜಗಳೂರು
27 ಸೆಪ್ಟೆಂಬರ್ 2024

ಕಸ್ತೂರಮ್ಮನವರೇ,

ನಾನು ಬಂದಿದ್ದೆ.

ರಸ್ತೆಯ ಆಚೆ ಹಣ್ಣಿನ ಗಾಡಿಯ ಹಿಂದೆ ನಿಂತಿದ್ದೆ. ನೀವು ಮಗನ ಕೈ ಹಿಡಿದು ಬಸ್ಸಿನಿಂದ ಇಳಿದಿರಿ. ಕಪ್ಪು ಕನ್ನಡಕ ಕಂಡ ಕೂಡಲೇ ಯಾವ ಆಪರೇಶನ್ ಎಂದು ನನಗೆ ಗೊತ್ತಾಯಿತು, ಪತ್ರ ಯಾಕೆ ಬರಲಿಲ್ಲವೆಂದೂ ಅರ್ಥವಾಯಿತು. ಹಗುರಾಯಿತು. ರಸ್ತೆ ದಾಟಲು ಒಂದು ಹೆಜ್ಜೆ ಇಟ್ಟೆ ಕೂಡ. ಆಮೇಲೆ, ಕಣ್ಣು ಪೂರ್ತಿ ಕಾರಣವಾಗಿರಲಿಕ್ಕಿಲ್ಲ ಅನ್ನಿಸಿತು. ಹತ್ತಿರ ಬಂದರೆ ನಿಮ್ಮ ಮುಖದಲ್ಲಿ ಅದು ಕಂಡುಬಿಡುತ್ತದೆ ಎಂದು ಹೆದರಿದೆ. ನೀವು ಯಾರೋ ಹೆಂಗಸನ್ನು ತಡೆದು 'ಯಶೋಧರಾ ಏನಮ್ಮಾ' ಎಂದು ಕೇಳಿದ್ದನ್ನು ನೋಡಿದೆ. ಅದನ್ನು ನೋಡಿಯೂ ನಿಂತೇ ಇದ್ದೆ. ನಿಮ್ಮನ್ನು ಠಾಣೆಗೆ ಕರೆದುಕೊಂಡು ಹೋದ ಮೇಲೆ ದಾವಣಗೆರೆ ಬಸ್ಸು ಹತ್ತಿದೆ.

ಬೇರೆ ಯಾರಾದರೂ ಕಣ್ಣಿನ ನೆಪ ಹೇಳಿ ಮುಗಿಸುತ್ತಿದ್ದರು. ನೀವು ಮುಗಿಸಲಿಲ್ಲ. ಹಾಗಾಗಿ ನಾನೂ ಒಂದು ನಿಜ ಹೇಳಬೇಕು. ಅಣ್ಣನ ಮಗಳಿಗೆ ಗೊಂಬೆ ಬೇಕಾಗಿರಲಿಲ್ಲ. ಅವಳು ಹತ್ತನೇ ಕ್ಲಾಸು. ಅದು ನನಗೇ.

ನಾನು ಚಿಕ್ಕವಳಿದ್ದಾಗ ಅವ್ವ ಬಸವಾಪಟ್ಟಣದ ಒಂದು ದೊಡ್ಡ ಮನೆಯಲ್ಲಿ ಅಂಗಳ, ಜಗಲಿ ಗುಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಜಗಲಿಯ ಗೋಡೆಗೂಡಿನಲ್ಲಿ ಇಂಥದೇ ಹಗ್ಗದಾಟದ ಹುಡುಗಿ ಇತ್ತು. ಆ ಮನೆಯ ಮಕ್ಕಳು ಕೀಲಿ ಕೊಡುತ್ತಿದ್ದರು, ನಾನು ಅಂಗಳದಿಂದ ನೋಡುತ್ತಿದ್ದೆ. ಒಂದು ದಿನ ಕೈ ಚಾಚಿದ್ದಕ್ಕೆ ಅವ್ವ ನನ್ನ ಬೆನ್ನಿಗೆ ಬಾರಿಸಿದಳು. ಆ ಮನೆಯವರು ಏನೂ ಅಂದಿರಲಿಲ್ಲ. ಅವ್ವನೇ ಹೊಡೆದಳು. ಅದು ನನಗೆ ಬಹಳ ವರ್ಷ ಅರ್ಥವಾಗಲಿಲ್ಲ. ನಲವತ್ತು ದಾಟುವ ಹೊತ್ತಿಗೆ ಪುಟದಲ್ಲಿ ಆ ಫೋಟೋ ಕಂಡಿತು, ಸಂಬಳ ಬಂದಿತ್ತು, ಯಾರನ್ನೂ ಕೇಳದೆ ಹಣ ಕಟ್ಟಿದೆ. ಈ ವಯಸ್ಸಿನಲ್ಲಿ ಬೊಂಬೆಯೇ ಎಂದು ನಗುತ್ತಾರೆ ಎಂದು ಅಣ್ಣನ ಮಗಳ ಹೆಸರು ಹೇಳಿದೆ. ನೀವಾದರೆ ನಗುತ್ತಿರಲಿಲ್ಲ.

ಯಶೋಧರಾ


ಹೊನ್ನಾಳಿ
7 ಅಕ್ಟೋಬರ್ 2024

ಯಶೋಧರಾ,

ಇದೇ 20ನೇ ತಾರೀಕು ಭಾನುವಾರ ನಾನು ಜಗಳೂರಿಗೆ ಬರುತ್ತೇನೆ. ಬೊಂಬೆ ಇನ್ನೂ ಕೋರ್ಟಿನಲ್ಲಿದೆ, ತರುವುದಕ್ಕಾಗುವುದಿಲ್ಲ. ಬರಿಗೈಯಲ್ಲೇ ಬರುತ್ತೇನೆ.

ಗುರುಬಸವರಾಜನಿಗೆ ಹೇಳಿದೆ. ಎಲ್ಲವನ್ನೂ ಹೇಳಿದೆ. "ಊಟ ಅಲ್ಲೇ ಏನವ್ವ?" ಎಂದು ಕೇಳಿದ. "ಅಲ್ಲೇ" ಎಂದೆ. "ದಾವಣಗೆರೆವರೆಗೆ ನಾನು ಬಂದು ಬಸ್ಸು ಹತ್ತಿಸ್ತೀನಿ" ಎಂದ. ಸೊಸೆ ಇನ್ನೂ ಏನೂ ಹೇಳಿಲ್ಲ. ಹೇಳದೆ ಇರಲಿ, ನಾನೂ ಒಂದು ವಾರ ಹೇಳಿರಲಿಲ್ಲವಲ್ಲ.

ನಿಮ್ಮವ್ವನಿಗೆ ಏನೂ ತೊಂದರೆ ತೆಗೆದುಕೊಳ್ಳಬೇಡಿ ಎಂದು ಹೇಳಿ.

ಕಸ್ತೂರಮ್ಮ


ಹೊನ್ನಾಳಿ
23 ಅಕ್ಟೋಬರ್ 2024

ಯಶೋಧರಾ,

ಸುಖವಾಗಿ ಊರು ಸೇರಿದೆ. ಊಟ ಮಾಡಿದ ಮೇಲೆ ನಿನ್ನನ್ನು 'ನೀವು' ಅನ್ನಲು ನನ್ನ ಕೈ ಏಳುತ್ತಿಲ್ಲ.

ಆಸ್ಪತ್ರೆಯಿಂದ ಕರೆ ಬಂತೆಂದು ನೀನು ನಮ್ಮಿಬ್ಬರನ್ನೇ ಬಿಟ್ಟು ಓಡಿದೆಯಲ್ಲ, ಆ ಹೊತ್ತಿನಲ್ಲಿ ಏನಾಯಿತೆಂದು ವಾಪಸು ಬಂದು ನೀನು ಮೂರು ಸಲ ಕೇಳಿದೆ. ನಾವಿಬ್ಬರೂ ಏನೂ ಇಲ್ಲ ಎಂದೆವು. ಈಗ ಬರೆಯುತ್ತೇನೆ.

ನೀನು ಹೋದ ಮೇಲೆ ನಿಮ್ಮವ್ವ ನನಗೆ ಕುರ್ಚಿ ಒರೆಸಿ ಹಾಕಿ, ತಾನು ಬಾಗಿಲ ಹತ್ತಿರ ನಿಂತರು. ಅಂಗಡಿಯಿಂದ ತರಿಸಿಟ್ಟ ಜ್ಯೂಸಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ ತಂದು ಮುಂದಿಟ್ಟರು. ಬಾಟಲಿಯ ಮುಚ್ಚಳ ಕೂಡ ತೆಗೆದಿರಲಿಲ್ಲ, ನಾನೇ ತೆಗೆಯಲಿ ಎಂದು. ಅದು ಯಾಕೆಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕುರ್ಚಿಯಲ್ಲಿ ಕೂರಲಾಗಲಿಲ್ಲ.

"ಬಾಟ್ಲಿ ನನಗೆ ಆಗಂಗಿಲ್ಲ. ಒಲೆ ಮೇಲೆ ಏನೈತೆ?" ಎಂದೆ.

"ಚಾ ಐತ್ರಿ. ಆದ್ರೆ ನಮ್ಮನೆದು."

"ನಿಮ್ಮನೆದೇ ಕೊಡ್ರಿ. ನಮ್ಮನೆದು ದಿನಾ ಕುಡಿದು ಸಾಕಾಗೈತೆ."

ಆಗ ಅವರು ಒಳಗೆ ಹೋದರು. ನಾನೂ ಹಿಂದೆಯೇ ಹೋಗಿ ಒಲೆಯ ಹತ್ತಿರ ಮಣೆ ಎಳೆದು ಕೂತೆ. ನೀನು ಬಂದಾಗ ನಾವು ಬದನೆಕಾಯಿ ಹೆಚ್ಚುತ್ತಿದ್ದುದನ್ನು ಮಾತ್ರ ನೋಡಿದ್ದೀ.

ಬಸವಾಪಟ್ಟಣದ ಮನೆಯ ಮಾತು ನಾನೇ ಎತ್ತಿದೆ, ನೀನು ಬರೆದಿದ್ದೀ ಎಂದು ಹೇಳಲಿಲ್ಲ. ನನ್ನ ಬೊಂಬೆ ಹೇಗಿತ್ತು ಎಂದು ವರ್ಣಿಸಿದೆ, ಅಷ್ಟೇ. ನಿಮ್ಮವ್ವ ಹೆಚ್ಚುವುದನ್ನು ನಿಲ್ಲಿಸಿದರು. "ಅಂಥದ್ದು ನಾನೂ ಒಂದು ಕಂಡೀನಿ" ಎಂದರು. "ಹುಡುಗಿ ಮುಟ್ಟಾಕೆ ಹೋತು, ಹೊಡೆದೆ. ಮುರಿದ್ರೆ ಎಲ್ಲಿಂದ ತಂದುಕೊಡ್ಲಿ? ಕೆಲಸಾನೂ ಹೋಕ್ಕಿತ್ತು. ಆಮ್ಯಾಲೆ ಒಂದಿನ ಆ ಮನೆಯೋರೆಲ್ಲ ಮದುವಿಗೆ ಹೋಗಿದ್ರು. ಜಗಲಿ ಮ್ಯಾಲೆ ನಾನೊಬ್ಬಳೇ. ಕೈ ತೊಳಕೊಂಡು ಬಂದು ಕೀಲಿ ತಿರುವಿದೆ ಕಣ್ರಿ. ಅದು ಹಾರಿತು. ಮತ್ತೊಮ್ಮೆ ತಿರುವಿದೆ. ನನ್ನ ಮಗಳನ್ನ ಹೊಡದಂಥಾದ್ದು ಇದರಾಗೆ ಏನೈತೆ ಅಂತ ನೋಡೋಣ ಅಂದ್ಕಂಡೆ. ನೋಡಿದ್ರೆ ಚೆಂದ ಐತಿ. ಅಳು ಬಂತು."

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ನನಗ್ಯಾಕೆ ತೋರಿಸಲಿಲ್ಲ ಅಂತಿದ್ಲು. ಏನು ಹೇಳ್ಲಿ" ಎಂದರು. ಈಗಲೂ ಹೇಳಬೇಡಿ ಎಂದು ನನ್ನ ಕೈ ಹಿಡಿದು ಹೇಳಿದ್ದಾರೆ. ನಾನು ಹೂಂ ಎಂದಿದ್ದೆ. ಮೂರು ದಿನ ಇಟ್ಟುಕೊಂಡೆ, ಆಗಲಿಲ್ಲ. ನಿನಗೆ ಗೊತ್ತಾಯಿತು ಎಂದು ಅವರಿಗೆ ತೋರಿಸಿಕೊಳ್ಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ವಕೀಲರು ಫೋನ್ ಮಾಡಿದ್ದರು, ದೀಪಾವಳಿ ಕಳೆದ ಮೇಲೆ ಬೊಂಬೆ ಬಿಡುಗಡೆ ಆಗಬಹುದಂತೆ. ಬಸ್ಸನ್ನು ದಾಸಪ್ಪನವರಿಗೆ ಕೊಡಬೇಕೆಂದಿದ್ದೇನೆ. ಹೇಳಿದ್ದಕ್ಕೆ ಅವರು, "ಸುಮ್ಮನೆ ಬ್ಯಾಡ್ರಿ, ಯಾವ ರೂಟಿಗೆ ಅಂತ ಹೇಳಿ ಕೊಡ್ರಿ" ಎಂದು ಫೋನಿನಲ್ಲೇ ಕೇಳಿದರು. ಹೊನ್ನಾಳಿ-ನ್ಯಾಮತಿ ರೂಟು ಎಂದೆ.

ವಾಪಸು ಬರುವಾಗ ಜಗಳೂರಿನಲ್ಲಿ ಹತ್ತಿದ ಒಬ್ಬಾಕೆ ನನ್ನ ಪಕ್ಕ ಕೂತಳು. ವಿಭೂತಿ ಹಚ್ಚಿದ್ದಳು, ನನ್ನ ವಯಸ್ಸಿನವಳೇ. ನಿಮ್ಮವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ನನ್ನ ಮಡಿಲಲ್ಲಿ ಬೆಚ್ಚಗಿತ್ತು, ಆಕೆಗೂ ಒಂದು ಮುರಿದು ಕೊಟ್ಟೆ. ತಿಂದು ಚೆನ್ನಾಗಿದೆ ಎಂದಳು.

"ಜಗಳೂರಾಗೆ ಯಾರದಾರೆ?" ಎಂದು ಕೇಳಿದಳು.

"ನಮ್ಮೋರೇ ಅದಾರೆ" ಎಂದೆ.

"ಯಾವ ಪೈಕಿ ಆಗಬೇಕು?"

ಹಿಂದಿನ ನಾನಾಗಿದ್ದರೆ ಈ ಪ್ರಶ್ನೆಯನ್ನು ಆಕೆಗಿಂತ ಮೊದಲೇ ಕೇಳುತ್ತಿದ್ದೆ. ಸ್ವಲ್ಪ ಯೋಚಿಸಿದೆ.

"ಮೋಸ ಹೋದೋರ ಪೈಕಿ" ಎಂದೆ.

ಆಕೆಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ಇನ್ನೊಂದು ತುಂಡು ರೊಟ್ಟಿಗೆ ಕೈ ಚಾಚಿದಳು.

ನಿನ್ನ,
ಕಸ್ತೂರಮ್ಮ